ಪೆಟ್ಟಿಗೆ ಏಳು: ಮೇಲಿನ ಅರ್ಧ ಮಾತ್ರ

ಇಂಟರ್ನ್‌ಶಿಪ್ ಮುಗಿಯುವ ವಾರ ದಾಖಲಾಗಾರದಲ್ಲಿ ಯಾರೂ ಹೊಸ ಪೆಟ್ಟಿಗೆ ಬಿಚ್ಚುವುದಿಲ್ಲವಂತೆ. ಬೇಸಿಗೆಯಿಡೀ ಎದುರಿನ ಉದ್ದ ಮೇಜಿನಲ್ಲಿ ಧೂಳು ಕೊಡವುತ್ತ, ಹಾಳೆ ಎಣಿಸುತ್ತ, ಆಗಾಗ ಸೀನುತ್ತ ಕೂತಿದ್ದ ಇಬ್ಬರು ವಿದ್ಯಾರ್ಥಿಗಳು ಈಗ ತಲೆ ಎತ್ತದೆ ಬರೆಯುತ್ತಿದ್ದಾರೆ. ಪರೀಕ್ಷೆಯಲ್ಲೂ ಇವರು ಇಷ್ಟು ಬರೆದಿರಲಾರರು.

“ಕೆಲಸ ಮುಗೀತೇನಮ್ಮ?” ಎಂದೆ.

“ಇಲ್ಲ ಸರ್. ಎಲ್ಲಿಗೆ ನಿಂತಿದೆ ಅಂತ ಬರೀತಿದೀವಿ.”

ನಿಂತ ಕೆಲಸದ ಬಗ್ಗೆ ಬರೆಯುವುದು ಇಷ್ಟೊಂದು ಏನಿರುತ್ತದೆ?

*

ವಿಶ್ವವಿದ್ಯಾನಿಲಯದ ಹೆಸರು ಬೇಡ. ನಾನು ಇಲ್ಲಿಗೆ ಬರುವುದು ಹಳೆಯ ಹಾಸ್ಟೆಲ್ ಸಮಿತಿಗಳ ನಡಾವಳಿ ಪುಸ್ತಕ ಓದಲು. ಊಟದ ಗುಣಮಟ್ಟದ ಬಗ್ಗೆ ಹುಡುಗರ ದೂರು, ಅದಕ್ಕೆ ವಾರ್ಡನ್ನರ ಸಮಜಾಯಿಷಿ, ಎರಡೂ ಸೊಗಸಾಗಿರುತ್ತವೆ. ಓದು ಬೇಸರವಾದಾಗ ಎದುರಿನವರನ್ನು ನೋಡುತ್ತೇನೆ. ಒಬ್ಬಳು ಹಾಸನದ ಕಡೆಯವಳು, ಇತಿಹಾಸ ಎಂ.ಎ. ಇನ್ನೊಬ್ಬ ಕಲಬುರಗಿಯವನು, ಗ್ರಂಥಾಲಯ ವಿಜ್ಞಾನ. ಇವರಿಬ್ಬರ ಮೇಲೆ ದಾಖಲಾಗಾರದ ಮೇಡಂ. ಮೂವರಿಗೂ ಮೇಲೆ, ಸಂಬಳದ ಪಟ್ಟಿಯಲ್ಲಿ ಮಾತ್ರ ಎಲ್ಲರಿಗಿಂತ ಕೆಳಗೆ, ಒಬ್ಬ ಅಟೆಂಡರ್.

ಹುಡುಗರಿಗೆ ಒಪ್ಪಿಸಿದ್ದು ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಯಿಂದ ಬಂದ ಕಾಗದಪತ್ರ. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರುವಾಗ ಟ್ರಂಕುಗಳನ್ನು ಆಟೋದಲ್ಲಿ ಹಾಕಿ ಕಳಿಸಿದರು. ಈಗ ಅವು ಸಂಖ್ಯೆ ಬರೆದ ರಟ್ಟಿನ ಪೆಟ್ಟಿಗೆಗಳಾಗಿವೆ. ಎಲ್ಲವೂ ಅಲ್ಲ.

*

ವರದಿ ಎರಡು ಬರೆಯಬೇಕು. ಒಂದು ಕಾಲೇಜಿಗೆ, ಒಂದು ಇಲ್ಲಿಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಬೇಸಿಗೆಯ, ಒಂದೇ ಮೇಜಿನ ಕತೆ ಎಂದು ನಂಬುವುದು ಕಷ್ಟ.

ಕಾಲೇಜಿನದಕ್ಕೆ ಅಚ್ಚಾದ ನಮೂನೆ ಇದೆ. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ ಅಂದರೆ 30 ಗಂಟೆ. ನಾಲ್ಕು ಕ್ರೆಡಿಟ್ ಬೇಕಾದರೆ 120. ಅದಕ್ಕೆ ದಿನಚರಿ ಪುಸ್ತಕ, ಪುಟಪುಟಕ್ಕೆ ಸಹಿ. ಆಮೇಲೆ ‘ಕಲಿಕೆಯ ಫಲಗಳು’. ಆಮೇಲೆ ‘ಎದುರಿಸಿದ ಸವಾಲುಗಳು’, ಪಕ್ಕದ ಕಾಲಂನಲ್ಲಿ ‘ಕಂಡುಕೊಂಡ ಪರಿಹಾರ’. ಹುಡುಗ ಈ ಪಕ್ಕದ ಕಾಲಂನಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನ ಸವಾಲುಗಳೆಲ್ಲ ಇನ್ನೂ ಸವಾಲುಗಳಾಗಿಯೇ ಇವೆ. ಒಂದು ಕಟ್ಟು ಪತ್ರದ ಸಹಿ ಯಾರದೆಂದು ತಿಳಿದಿಲ್ಲ. ಒಂದು ಫೋಟೊದಲ್ಲಿರುವ ಗುಂಪು ಯಾವ ಊರಲ್ಲಿ ನಿಂತಿದೆಯೋ ತಿಳಿದಿಲ್ಲ. ಪರಿಹಾರ ಎಂದರೆ ಏನು ಬರೆಯಬೇಕು?

ಇಲ್ಲಿಯ ವರದಿಗೆ ನಮೂನೆ ಇಲ್ಲ. ಮೇಡಂ ಹೇಳಿದ್ದು ಇಷ್ಟೇ: ಗೊತ್ತಾದದ್ದು ಪಟ್ಟಿಯಲ್ಲಿದೆ, ಅದನ್ನು ಮತ್ತೆ ಬರೆಯಬೇಡಿ, ಗೊತ್ತಾಗದ್ದನ್ನು ಬರೆಯಿರಿ, ಎಷ್ಟರ ಮಟ್ಟಿಗೆ ಹುಡುಕಿ ಬಿಟ್ಟಿರಿ ಎಂದೂ ಬರೆಯಿರಿ.

ಹುಡುಗಿಗೆ ಇದು ಇಷ್ಟವಾಗಲಿಲ್ಲ. ಚುರುಕಿನವಳು, ಎಲ್ಲದಕ್ಕೂ ಉತ್ತರ ಹುಡುಕಿಯೇ ತೀರುವ ಪೈಕಿ. ‘ಬಹುಶಃ ಪ್ರಾಧ್ಯಾಪಕರ ತಮ್ಮನ ಕೈಬರಹ’ ಎಂದು ಬರೆದಿದ್ದಳು. ಹಾಗೆ ಯಾಕೆ ಅನ್ನಿಸಿತು ಎಂದು ಮೇಡಂ ಕೇಳಿದರು. ಒಂದು ಕಾಗದದಲ್ಲಿ ‘ಅಣ್ಣಾ’ ಎಂದಿತ್ತು ಎಂದಳು. “ನಮ್ಮ ಕಡೆ ಅಂಗಡಿಯವನನ್ನೂ ಅಣ್ಣಾ ಅಂತೀವಲ್ಲಮ್ಮ” ಎಂದರು. ಈಗ ವರದಿಯಲ್ಲಿ ಹೀಗಿದೆ: ‘ಕೈಬರಹ ಯಾರದೆಂದು ತಿಳಿದಿಲ್ಲ. ಒಂದು ಪತ್ರದಲ್ಲಿ ಅಣ್ಣಾ ಎಂಬ ಸಂಬೋಧನೆ ಇದೆ. ಕುಟುಂಬದವರನ್ನು ಕೇಳಿಲ್ಲ.’ ಕೊನೆಯ ವಾಕ್ಯ ಬರೆಯಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. ನನಗೆ ಮೂರರಲ್ಲೂ ಅದೇ ಬೆಲೆಯುಳ್ಳದ್ದು ಎನ್ನಿಸಿತು. ಮುಂದೆ ಬರುವವನು ಏನು ಮಾಡಬೇಕೆಂದು ಹೇಳುವ ವಾಕ್ಯ ಅದೊಂದೇ.

*

ಪೆಟ್ಟಿಗೆ ಎರಡರಲ್ಲಿ, ಸಂಶೋಧನಾ ಪ್ರಬಂಧದ ಕರಡಿನ ನಡುವೆ, ಎಲ್‌ಐಸಿ ಪ್ರೀಮಿಯಂ ರಸೀದಿಗಳೂ ಹೀರೆಕಾಯಿ ಬೀಜದ ಒಂದು ಪೊಟ್ಟಣವೂ ಇವೆ. ಬೀಜ ಖಾಲಿ; ಪೊಟ್ಟಣ ಮಾತ್ರ. ಅದನ್ನು ಹಾಗೆಯೇ ಅಲ್ಲೇ ಇಟ್ಟಿದ್ದಾರೆ. ಕಸ ಎಂದು ನಾನು ವಾದಿಸಿದೆ. ಓದಲು ಬಂದವನು ವಾದ ಮಾಡಬಾರದು, ಆದರೂ ಮಾಡಿದೆ.

ಮೇಡಂ ಕಾಗದಪತ್ರದ ವಂಶಾವಳಿಯನ್ನೇ ಹೇಳಿದರು. 1841ರಲ್ಲಿ ಫ್ರಾನ್ಸ್ ಸರ್ಕಾರದ ಒಂದು ಸುತ್ತೋಲೆ, ಒಂದು ಮೂಲದಿಂದ ಬಂದ ದಾಖಲೆಗಳನ್ನು ಬೇರೆ ಮೂಲದವುಗಳ ಜೊತೆ ಬೆರೆಸಬಾರದು ಎಂದಿತು. ಅಲ್ಲಿಯವರೆಗೆ ವಿಷಯದ ಪ್ರಕಾರ ಒಡೆದು ಜೋಡಿಸುವುದೇ ಜಾಣತನ ಎನ್ನಿಸಿಕೊಂಡಿತ್ತು. 1898ರಲ್ಲಿ ಮುಲ್ಲರ್, ಫೈತ್, ಫ್ರುಯಿನ್ ಎಂಬ ಮೂವರು ಡಚ್ಚರು ಕೈಪಿಡಿ ಬರೆದು ಇನ್ನೂ ಬಿಗಿ ಮಾಡಿದರು: ಬೆರೆಸದಿದ್ದರೆ ಸಾಲದು, ಒಳಗಿನ ಕ್ರಮವನ್ನೂ ಕದಲಿಸಬೇಡಿ. ಕಾಗದ ಇಟ್ಟವನು ಯಾವುದರ ಪಕ್ಕ ಯಾವುದನ್ನು ಇಟ್ಟ ಎನ್ನುವುದೂ ಅವನ ಬರಹವೇ.

“ಅವರು ಕಚೇರಿ ಕಡತಗಳಿಗೆ ಹೇಳಿರಬೇಕು ಮೇಡಂ, ಹೀರೆ ಬೀಜಕ್ಕಲ್ಲ.”

“ಇರಬಹುದು. ಆದರೆ ಪೊಟ್ಟಣದ ಹಿಂದೆ ನೋಡಿದ್ರಾ?”

ಪೊಟ್ಟಣದ ಹಿಂದೆ, ಪೆನ್ಸಿಲಿನಲ್ಲಿ, ಪ್ರಬಂಧದ ಮೂರನೆಯ ಅಧ್ಯಾಯದ ಉಪಶೀರ್ಷಿಕೆಗಳು ಕ್ರಮವಾಗಿ ಇದ್ದವು. ಸರಿ, ಸೋತೆ. ಎಲ್‌ಐಸಿ ರಸೀದಿಗಳ ಹಿಂದೆ ಮಾತ್ರ ಏನೂ ಇಲ್ಲ. ನಾನೇ ತಿರುಗಿಸಿ ನೋಡಿದ್ದೇನೆ. ಅವು ಯಾಕೆ ಉಳಿದಿವೆ ಎನ್ನುವ ಪ್ರಶ್ನೆ ಹಾಗೇ ಇದೆ.

*

ಹಾರ್ಲಿಕ್ಸ್ ಬಾಟಲಿಯ ತುಂಬ ಗುಂಡುಸೂಜಿ, ಜೆಮ್ ಕ್ಲಿಪ್ಪು, ಸ್ಟೇಪಲ್. ಬೇಸಿಗೆಯಲ್ಲಿ ಕಿತ್ತದ್ದು. ಜೊತೆಗೆ ಕರಗಿ ಕಾಗದಕ್ಕೆ ಅಂಟಿಕೊಂಡಿದ್ದ ರಬ್ಬರ್ ಬ್ಯಾಂಡಿನ ಚೂರುಗಳು.

ಕೀಳುವುದಕ್ಕೂ ಒಂದು ಶಾಸ್ತ್ರವಿದೆ. ಎಳೆಯುವಂತಿಲ್ಲ. ತುಕ್ಕು ಹಿಡಿದ ಪಿನ್ನಿನ ಅಡಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕಾಗದವನ್ನು ಅದರಿಂದ ಕಾಪಾಡುತ್ತ ಬಿಡಿಸಬೇಕು. ಪಿನ್ನು ಹೋದ ಮೇಲೆ ಆ ನಾಲ್ಕು ಹಾಳೆ ಒಟ್ಟಿಗಿದ್ದವು ಎನ್ನುವುದಕ್ಕೆ ಸಾಕ್ಷಿ ಹೋಯಿತಲ್ಲ? ಅದಕ್ಕೆ ಮಡಿಚಿದ ಬಿಳಿ ಹಾಳೆಯೊಳಗೆ ನಾಲ್ಕನ್ನೂ ಸೇರಿಸಿಡಬೇಕು. ಮಡಿಕೆಯ ಮೇಲೆ ಬರೆಯುವುದಿದ್ದರೆ ಕಾಗದ ಒಳಗಿಡುವ ಮೊದಲೇ ಬರೆಯಬೇಕು, ಇಟ್ಟ ಮೇಲೆ ಬರೆದರೆ ಪೆನ್ಸಿಲಿನ ಒತ್ತು ಒಳಗಿನ ಹಾಳೆಗೆ ಇಳಿಯುತ್ತದೆ. ಪೆನ್ನು ಈ ಕೋಣೆಗೆ ಬರುವಂತಿಲ್ಲ. ನನ್ನದನ್ನೂ ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಸಿನಿಮಾದಲ್ಲಿ ತೋರಿಸುವ ಬಿಳಿ ಗ್ಲೌಸು ಕಾಗದಕ್ಕೆ ಯಾರೂ ಹಾಕಿಕೊಳ್ಳುವುದಿಲ್ಲ. ಬಟ್ಟೆಯ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುವುದೇ ಹೆಚ್ಚು, ತೊಳೆದು ಒರೆಸಿದ ಕೈ ಸಾಕು. ಗ್ಲೌಸು ಫೋಟೊಗಳಿಗೆ, ನೆಗೆಟಿವ್‌ಗಳಿಗೆ.

2005ರಲ್ಲಿ ಮಾರ್ಕ್ ಗ್ರೀನ್, ಡೆನ್ನಿಸ್ ಮೈಸ್ನರ್ ಎಂಬ ಅಮೆರಿಕದ ಇಬ್ಬರು ದಾಖಲಾಗಾರದವರು ತಮ್ಮವರನ್ನೇ ಗದರಿಸಿ ಒಂದು ಲೇಖನ ಬರೆದರು. ನೀವು ಪಿನ್ನು ಕೀಳುತ್ತ ಕೂತಿದ್ದೀರಿ, ಗೋದಾಮಿನಲ್ಲಿ ಯಾರೂ ನೋಡಲಾಗದ ಪೆಟ್ಟಿಗೆಗಳ ರಾಶಿ ಬೆಳೆಯುತ್ತಿದೆ. ಕಡಿಮೆ ಮಾಡಿ, ಹೆಚ್ಚು ತೆರೆಯಿರಿ ಎಂದು. ಹುಡುಗ ಅದನ್ನು ಪಾಠದಲ್ಲಿ ಓದಿದ್ದ, ಮೇಡಂ ಮುಂದೆ ಇಟ್ಟ. ಅವರ ಉತ್ತರ: ತಂಪಾದ ಒಣ ಕೋಣೆ ಇದ್ದರೆ ಪಿನ್ನು ಹಾಗೇ ಇರಲಿ ಎನ್ನುವುದು ಸರಿ. ನಮ್ಮ ಕೋಣೆಯಲ್ಲಿ ಎಸಿ ಇಲ್ಲ. ಜೂನ್ ಬಂದರೆ ಗೋಡೆ ಬೆವರುತ್ತದೆ. ಇಲ್ಲಿ ಪಿನ್ನು ಬಿಟ್ಟರೆ ಹತ್ತು ಮಳೆಗಾಲದಲ್ಲಿ ಅದು ತನ್ನ ಆಕಾರದ ತೂತು ಮಾಡಿಕೊಂಡು ಕೆಳಗೆ ಬೀಳುತ್ತದೆ.

ಇಬ್ಬರೂ ಸರಿ ಇರುವ ವಾದ ಕೇಳುವುದು ಈಚೆಗೆ ಅಪರೂಪ.

ಬಾಟಲಿಯನ್ನು ಏನು ಮಾಡುತ್ತಾರೆ? ಅಟೆಂಡರ್ ಗುಜರಿಗೆ ಎನ್ನುತ್ತಾರೆ. ಮೇಡಂ ಏನೂ ಹೇಳಿಲ್ಲ.

*

ಪೆಟ್ಟಿಗೆ ಏಳು ಅರ್ಧಕ್ಕೆ ನಿಂತಿದೆ. ಹುಡುಗಿಗೆ ಅದೊಂದು ಸಂಕಟ. ಸಂಜೆ ಇನ್ನೆರಡು ಗಂಟೆ ಕೂತು ಮುಗಿಸಿಬಿಡುತ್ತೇನೆ ಎನ್ನುತ್ತಾಳೆ. ಮೇಡಂ ಬಿಡುವುದಿಲ್ಲ. ಕೊನೆಯ ದಿನಗಳ ಅವಸರದಲ್ಲಿ ಹಚ್ಚಿದ ಚೀಟಿಗಳೇ ಆಮೇಲೆ ವರ್ಷಗಟ್ಟಲೆ ದಾರಿ ತಪ್ಪಿಸುತ್ತವೆ ಎಂಬುದು ಅವರ ಅನುಭವ. ಅರ್ಧ ಆಗಿದೆ ಎಂದು ಬರೆದಿಟ್ಟ ಪೆಟ್ಟಿಗೆಯಿಂದ ಯಾರಿಗೂ ತೊಂದರೆಯಿಲ್ಲ. ಮುಗಿದಿದೆ ಎಂದು ಬರೆದು ಅರ್ಧ ಆದ ಪೆಟ್ಟಿಗೆ, ಅದು ಅಪಾಯ.

ಹಾಗಾಗಿ ಚೀಟಿ: ‘ಪೆಟ್ಟಿಗೆ 7. ಮೇಲಿನ ಅರ್ಧ ಮಾತ್ರ ಪಟ್ಟಿಯಾಗಿದೆ. ನೀಲಿ ಹಾಳೆಯ ಕೆಳಗಿನದು ಟ್ರಂಕಿನಿಂದ ಬಂದ ಹಾಗೆಯೇ ಇದೆ.’ ನಡುವೆ ನಿಜವಾಗಿಯೂ ಒಂದು ನೀಲಿ ಹಾಳೆ.

ಮದುವೆ ಮುಗಿದ ಮೇಲೆ ಉಗ್ರಾಣದ ಲೆಕ್ಕ ಒಪ್ಪಿಸುವ ಹಾಗಿದೆ ಇದು, ತಪ್ಪಲೆ ಎಷ್ಟು, ಮುಚ್ಚಳ ಎಷ್ಟು, ಮುಚ್ಚಳವಿಲ್ಲದ ತಪ್ಪಲೆ ಎಷ್ಟು ಎಂದು. ಆದರೆ ಅಲ್ಲಿ ಒಪ್ಪಿಸಿಕೊಳ್ಳುವವರು ಎದುರಿಗೆ ನಿಂತಿರುತ್ತಾರೆ. ಇಲ್ಲಿ ಒಪ್ಪಿಸಿಕೊಳ್ಳುವವರು ಯಾರೆಂದೇ ಗೊತ್ತಿಲ್ಲ. ಮುಂದಿನ ಬೇಸಿಗೆಯ ವಿದ್ಯಾರ್ಥಿ ಇರಬಹುದು. ನಲವತ್ತು ವರ್ಷದ ನಂತರದ ಯಾರೋ ಇರಬಹುದು. ಮುಖ ಕಾಣದವನಿಗೆ ಪತ್ರ ಬರೆಯುವುದನ್ನು ಇಪ್ಪತ್ತೆರಡರ ವಯಸ್ಸಿಗೆ ಯಾರು ಕಲಿಸಿರುತ್ತಾರೆ? ಕಾಲೇಜಿನ ‘ಕಲಿಕೆಯ ಫಲಗಳು’ ಕಾಲಂನಲ್ಲಿ ಇದು ಇಲ್ಲ. ಹುಡುಗ ಅಲ್ಲಿ ‘ಸಂವಹನ ಕೌಶಲ, ತಂಡದ ಕೆಲಸ’ ಎಂದು ಬರೆದಿದ್ದಾನೆ.

*

ಕನಾರ್ಟಕ.

ಹೌದು, ಹಾಗೇ ಬರೆದಿದೆ. ಪಟ್ಟಿಯ ತುಂಬ ಕನಾರ್ಟಕ, ಕಾಯರ್ದಶಿರ್, ವಾಷಿರ್ಕ ವರದಿ. ಮೊದಲು ನಕ್ಕೆ, ಆಮೇಲೆ ಹುಡುಗ ವಿವರಿಸಿದ. ಇಲ್ಲಿಯ ಹಳೆಯ ಸೂಚಿಗಳೆಲ್ಲ ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಟೈಪಾದವು. ಹಳೆಯ ನುಡಿ, ಶ್ರೀಲಿಪಿ, ಹೀಗೆ. ಆ ಕಾಲದ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಯಾವ ಭಾಷೆಯೂ ಅಲ್ಲದ ಗೀಚು. ಅರ್ಕಾವತ್ತನ್ನು ಅವು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರವಾದ ಮೇಲೆ, ಇಡುತ್ತಿದ್ದವು. ಯುನಿಕೋಡ್ ನಾವು ನುಡಿಯುವ ಕ್ರಮದಲ್ಲಿ ಇಡುತ್ತದೆ, ರಕಾರ ಮೊದಲು. ಬದಲಾಯಿಸುವ ತಂತ್ರಾಂಶ ಇದನ್ನು ಗಮನಿಸದಿದ್ದರೆ ನಾಡಿನ ಹೆಸರೇ ತಿರುವುಮುರುವು.

ಇದು ನಗುವ ಮಾತಲ್ಲ. ‘ಕರ್ನಾಟಕ’ ಎಂದು ಹುಡುಕಿದರೆ ಕನಾರ್ಟಕ ಸಿಗುವುದಿಲ್ಲ. ಪೆಟ್ಟಿಗೆ ರ‍್ಯಾಕಿನಲ್ಲೇ ಇದೆ, ಸೂಚಿಯಲ್ಲೂ ಇದೆ, ಆದರೂ ಯಾರಿಗೂ ಇಲ್ಲ. ಗೆದ್ದಲು ತಿಂದರೆ ಪುಡಿಯಾದರೂ ಕಾಣುತ್ತದೆ.

ಹುಡುಗ ಬೇಸಿಗೆಯ ಅರ್ಧ ಭಾಗ ಇದನ್ನೇ ತಿದ್ದಿದ್ದಾನೆ. ನಾನು ಕೇಳಿದೆ: ತಿದ್ದಿದ ಮೇಲೆ ಹಳೆಯದನ್ನು ಅಳಿಸಿದೆಯಾ? “ಇಲ್ರಿ ಸರ. ಹಳೇದು ಹಂಗೇ ಇಟ್ಟೀನಿ, ತಿದ್ದಿದ್ದು ಬ್ಯಾರೆ ಇಟ್ಟೀನಿ, ಯಾವ್ಯಾವ ಶಬ್ದ ತಿದ್ದೀನಿ ಅಂತ ಇನ್ನೊಂದು ಪಟ್ಟಿ ಮಾಡೀನಿ.” ಮೂಲ, ಪ್ರತಿ, ಪಾಠಾಂತರದ ಪಟ್ಟಿ. ಹಸ್ತಪ್ರತಿ ಸಂಪಾದಿಸುವ ಪಂಡಿತರು ಮಾಡುವುದೂ ಇದನ್ನೇ. ಕಾಲೇಜಿನ ವರದಿಯಲ್ಲಿ ಇದು ‘ಡೇಟಾ ಎಂಟ್ರಿ’ ಎಂದಾಗಿದೆ.

*

ಹೊಸ ಕಾಲದ ಒಂದು ಗಂಡಾಂತರ. ಆ ತಿದ್ದಿದ ಪಟ್ಟಿ ಇರುವುದು ಹುಡುಗನ ಕಾಲೇಜು ಇಮೇಲಿನ ಖಾತೆಯಲ್ಲಿ. ಕೋರ್ಸು ಮುಗಿದ ಮೇಲೆ ಕಾಲೇಜು ಆ ಖಾತೆ ಮುಚ್ಚುತ್ತದೆ. ಖಾತೆಯ ಜೊತೆ ಪಟ್ಟಿಯೂ ಹೋಗಬಹುದು. ಹಂಚಿಕೊಂಡಿದ್ದೇನಲ್ಲ ಎಂದ, ಹಂಚಿಕೊಳ್ಳುವುದೇ ಬೇರೆ, ಒಡೆತನ ಬೇರೆ. ಮೇಡಂ ಇಡೀ ಮಧ್ಯಾಹ್ನ ಅವನ ಪಕ್ಕ ಕೂತು ಪ್ರತಿಯೊಂದನ್ನೂ ಇಳಿಸಿಕೊಂಡು ದಾಖಲಾಗಾರದ ಎರಡು ಹಾರ್ಡ್ ಡಿಸ್ಕಿಗೆ ಹಾಕಿಸಿದರು. ಮೂರನೆಯ ಪ್ರತಿ ಬೇರೆ ಕಟ್ಟಡದಲ್ಲಿ.

ಸ್ಕ್ಯಾನ್ ಮಾಡಿದ ಚಿತ್ರಗಳಿಗೂ ಹೀಗೇ. ದೊಡ್ಡ ಗಾತ್ರದ ಟಿಫ್ ಪ್ರತಿ ಇಡುವುದಕ್ಕೆ, ಚಿಕ್ಕ ಪಿಡಿಎಫ್ ಓದುಗರಿಗೆ ಕೊಡುವುದಕ್ಕೆ. ಪ್ರತಿ ಕಡತಕ್ಕೂ ಕಂಪ್ಯೂಟರ್ ಲೆಕ್ಕ ಹಾಕಿ 32 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಅದನ್ನೂ ಬರೆದಿಡಬೇಕು. ಕಾಗದ ಹಾಳಾಗುವುದು ನಿಧಾನ, ಕಣ್ಣಿಗೆ ಕಾಣುವಂತೆ. ಇದು ಹಾಳಾಗುವುದು ಒಂದೇ ಸಲ, ಯಾರೂ ನೋಡದಾಗ. ಇಷ್ಟಾದರೂ ಜನ ಪೆನ್‌ಡ್ರೈವ್‌ನಲ್ಲಿದೆ ಎಂದರೆ ಭದ್ರವಾಗಿದೆ ಎಂದುಕೊಳ್ಳುತ್ತಾರೆ.

*

ಕಾರಿಡಾರಿನಲ್ಲಿ ಕಾಫಿ. ಒಳಗೆ ತರುವಂತಿಲ್ಲ. ಮಾತು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಡೆ ಹೋಯಿತು. ಹುಡುಗಿ ಅಲ್ಲಿ ಹೋಗಿ ತಾಳೆಗರಿ ನೋಡಿ ಬಂದಿದ್ದಳು.

1891ರಲ್ಲಿ ಓರಿಯಂಟಲ್ ಲೈಬ್ರರಿ ಎಂದು ಶುರುವಾಗಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂದ ಸಂಸ್ಥೆ ಅದು. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿ ಸಿಕ್ಕಿತು ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗ್ರಂಥ ಲಿಪಿಯ ಆ ತಾಳೆಗರಿ ಕಟ್ಟನ್ನು ಗುರುತಿಸಿದರು, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಆದರೆ ಕಟ್ಟು ಲೈಬ್ರರಿಗೆ ತಾನಾಗಿ ನಡೆದು ಬರಲಿಲ್ಲ. ಯಾರೋ ತಂದು ಕೊಟ್ಟರು. ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕನ್ನೂ ಜೊತೆಗೇ ಕೊಟ್ಟರು. ಶಾಸ್ತ್ರಿಗಳ ಮುನ್ನುಡಿಯಲ್ಲಿ ಅವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಅಷ್ಟೇ. ಹೆಸರಿಲ್ಲ.

ಹುಡುಗಿ ಸಿಟ್ಟಾದಳು. “ಒಂದು ಸಾಲು ಬರೆಯೋಕಾಗ್ತಿರ್ಲಿಲ್ವಾ ಸರ್?” ಶಾಸ್ತ್ರಿಗಳ ಪರ ವಾದಿಸುವುದು ನನಗೆ ಕಷ್ಟವೇನಲ್ಲ. ಆ ದಿನ ಅದು ಇನ್ನೊಂದು ತಾಳೆಗರಿ ಕಟ್ಟು, ತಂದವರು ಇನ್ನೊಬ್ಬ ಪಂಡಿತರು. ಯಾವ ಕಟ್ಟು ಹೆಸರು ಮಾಡುತ್ತದೆಂದು ಬಾಗಿಲಲ್ಲಿ ಇಸಿದುಕೊಳ್ಳುವವನಿಗೆ ಹೇಗೆ ಗೊತ್ತಾಗಬೇಕು? ಹೆಸರು ಬೇಡ ಎಂದು ಪಂಡಿತರೇ ಹೇಳಿದ್ದರೆ? ಅದೂ ಸಾಧ್ಯ. ಆದರೆ ಹಾಗೆ ಹೇಳಿದರು ಎಂದಾದರೂ ಬರೆದಿರಬೇಕಿತ್ತು ಎನ್ನುವುದು ಅವಳ ಪಟ್ಟು. ಈ ವಾರದಲ್ಲಿ ಅವಳು ಬದಲಾಗಿದ್ದಾಳೆ. ‘ಬಹುಶಃ ತಮ್ಮ’ ಎಂದು ಬರೆದವಳು ಇವಳೇ.

ಒಳಗೆ ಹೋದವಳೇ ತನ್ನ ವರದಿಗೆ ಒಂದು ಸಾಲು ಸೇರಿಸಿದಳು: ಟ್ರಂಕುಗಳನ್ನು ತಂದ ಆಟೋ ಯಾವ ಬಡಾವಣೆಯಿಂದ ಬಂತು, ಇಳಿಸಿಕೊಂಡವರು ಯಾರು, ರಸೀದಿ ಕೊಟ್ಟೆವೋ ಇಲ್ಲವೋ. ಕೊಟ್ಟಿರಲಿಲ್ಲ. ಅದನ್ನೂ ಬರೆದಳು.

*

ಹೆಸರಿನ ಮಾತು ಬಂತಲ್ಲ. ಪಟ್ಟಿ ಮಾಡಿದವರ ಹೆಸರು ಪಟ್ಟಿಯಲ್ಲಿರಬೇಕೇ?

ದಾಖಲೆಗಳನ್ನು ಹೇಗೆ ವಿವರಿಸಬೇಕು ಎಂಬುದಕ್ಕೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ 26 ಅಂಶಗಳು: ಸಂಖ್ಯೆ, ಶೀರ್ಷಿಕೆ, ಕಾಲ, ಗಾತ್ರ, ಯಾರಿಂದ ಬಂತು, ಯಾರು ನೋಡಬಹುದು, ಹೀಗೆ. ಕೊನೆಯ ಗುಂಪಿನಲ್ಲಿ ಒಂದು ಅಂಶ, ವಿವರ ಬರೆದವರು ಯಾರು, ಯಾವುದನ್ನು ನೋಡಿ ಬರೆದರು ಎಂಬುದಕ್ಕೆ. ಎಷ್ಟೋ ಕಡೆ ಅದನ್ನು ಖಾಲಿ ಬಿಡುತ್ತಾರಂತೆ. ಮೇಡಂ ಇಬ್ಬರ ಹೆಸರನ್ನೂ ಬರೆಯಲು ಹೇಳಿದರು. ಹುಡುಗ ನಾಚಿಕೊಂಡ.

“ನನ್ನ ಹೆಸರು ಯಾಕ್ರಿ ಮೇಡಂ? ನಾ ಏನ್ ಬರದೀನ್ರಿ, ಬರೇ ಪಟ್ಟಿ ಮಾಡೀನಿ.”

“ಬೈಯೋಕೆ ಒಬ್ಬರು ಬೇಕಲ್ಲಪ್ಪ” ಎಂದರು ಮೇಡಂ. ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ತಿಳಿಯಲಿಲ್ಲ. ಹುಡುಗನ ಹೆಸರು ಈಗ ಪಟ್ಟಿಯಲ್ಲಿದೆ, ಅಪ್ಪನ ಹೆಸರಿನ ಸಮೇತ.

*

ಬಾಯಿ ಬಿಡುವಂತಿಲ್ಲ. ಇಂಟರ್ನ್‌ಶಿಪ್ ಶುರುವಾಗುವಾಗಲೇ ಒಂದು ಮುಚ್ಚಳಿಕೆಗೆ ಸಹಿ: ಇಲ್ಲಿ ಓದಿದ ಖಾಸಗಿ ಸಂಗತಿ ಹೊರಗೆ ಹೇಳುವುದಿಲ್ಲ, ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವುದಿಲ್ಲ. ಪ್ರಾಧ್ಯಾಪಕರ ಕಾಗದಗಳಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿಗಳಿವೆ, ಫೀಸು ಕಟ್ಟಲಾಗದೆ ಬರೆದ ಪತ್ರಗಳಿವೆ. ಬರೆದವರು ಈಗ ಅರವತ್ತು ದಾಟಿರಬಹುದು, ಬದುಕಿದ್ದಾರು. ಅವನ್ನು ಬೇರೆ ಲಕೋಟೆಗೆ ಹಾಕಿ, ತೆಗೆದ ಜಾಗದಲ್ಲಿ ‘ಇಲ್ಲಿಂದ ತೆಗೆದಿದೆ’ ಎಂದು ಚೀಟಿ ಇಟ್ಟು, ನಿರ್ಬಂಧಿತ ಎಂದು ಬರೆದಿದ್ದಾರೆ.

ಬೇಸಿಗೆಯೆಲ್ಲ ಇಬ್ಬರು ಓದಿದ್ದರಲ್ಲಿ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇವೇ ಇರಬೇಕು. ಮುಖ ನೋಡಿದರೆ ಗೊತ್ತಾಗುತ್ತದೆ. ಅದು ಯಾವ ವರದಿಯಲ್ಲೂ ಬರುವಂತಿಲ್ಲ. ಹುಡುಗಿ ಒಂದು ದಿನ ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳುವಂತಿರಲಿಲ್ಲ.

*

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುವ ಎ, ಬಿ, ಸಿ, ಡಿ, ಇ. ಕಡತ ಮುಕ್ತಾಯವಾಗುವಾಗ ಒಂದು ವರ್ಗ ಹಾಕಬೇಕು: ‘ಎ’ ಆದರೆ ಶಾಶ್ವತ, ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದೇ ವರ್ಷ. ಅವಧಿ ಮುಗಿದರೆ ನಾಶ. ವರ್ಗ ಹಾಕುವವರು ಸಾಮಾನ್ಯವಾಗಿ ಆ ಕಡತದಿಂದ ಬೇಸತ್ತು ಹೋದವರು. ಅವರು ಊಟಕ್ಕೆ ಹೋಗುವ ಮುಂಚೆ ಹಾಕಿದ ಒಂದು ಅಕ್ಷರವೇ ಕಾಗದದ ಆಯುಷ್ಯ.

ನಾನು ಓದುವ ಹಾಸ್ಟೆಲ್ ನಡಾವಳಿ ಯಾವ ವರ್ಗದ್ದು? ಮೇಲೆ ಏನೂ ಬರೆದಿಲ್ಲ. ಯಾರೋ ಮರೆತದ್ದರಿಂದ ಉಳಿದಿದೆ. ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾಗಿದೆ ಎನ್ನುವ ಠರಾವು ಇವತ್ತಿಗೂ ಸಿಗುವುದು ಆ ಮರೆವಿನ ಕೃಪೆಯಿಂದ.

*

ಅಟೆಂಡರ್ ಮುಂದಿನ ವರ್ಷ ನಿವೃತ್ತಿ. ಯಾವ ಬೀರುವಿನ ಬೀಗ ಎಡಕ್ಕೆ ತಿರುಗುತ್ತದೆ, ಯಾವ ರ‍್ಯಾಕಿನ ಮೇಲೆ ಆಷಾಢದ ಗಾಳಿಮಳೆಗೆ ನೀರು ಸೋರುತ್ತದೆ, 1970ರ ದಶಕದ ಪರೀಕ್ಷಾ ವಿಭಾಗದ ರಿಜಿಸ್ಟರುಗಳು ಸೂಚಿಯಲ್ಲಿರುವ ಕೋಣೆಯಲ್ಲಿ ಇಲ್ಲದೆ ಮೆಟ್ಟಿಲ ಕೆಳಗೆ ಯಾಕಿವೆ, ಎಲ್ಲ ಅವರಿಗೆ ಗೊತ್ತು. ಬರೆದದ್ದು ಒಂದಕ್ಷರವಿಲ್ಲ.

ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು ಹುಡುಗರ ಕೊನೆಯ ಕೆಲಸ. ಅಟೆಂಡರಿಗೆ ಒಪ್ಪಿಗೆಯಿಲ್ಲ. “ಅಯ್ಯೋ, ನಂದೇನವ್ವ ಇರ್ತದೆ ಇತಿಹಾಸ? ದೊಡ್ಡೋರ್ನ ಕೇಳಿ.” ಹುಡುಗಿ ಜಾಣೆ. ಇತಿಹಾಸದ ಮಾತು ಬಿಟ್ಟಳು. ಕಟ್ಟಡದ ನಕ್ಷೆ ಬರೆದು ತಂದು, ಇದು ಸರಿ ಇದೆಯಾ ನೋಡಣ್ಣ ಎಂದು ಮುಂದಿಟ್ಟಳು. ತಪ್ಪು ಕಂಡರೆ ಸುಮ್ಮನಿರುವ ಜಾತಿಯಲ್ಲ ಅವರು. “ಇದ್ಯಾವ್ದು ಇಲ್ಲಿ ಬಾಗ್ಲು? ಇದು ಮುಚ್ಚಿ ಎಷ್ಟೋ ವರ್ಷ ಆಯ್ತು. ಹಿಂದ್ಗಡೆ ಬೀರು ಐತಲ್ಲ, ಅದ್ರ ಹಿಂದೆ ಐತೆ ಬಾಗ್ಲು. ಆ ಬೀರು ಸರ್ಸಿದ್ದು ಯಾಕೆ ಅಂದ್ರೆ…”

ಮುಂದಿನದೆಲ್ಲ ಧ್ವನಿಮುದ್ರಣದಲ್ಲಿದೆ. ಹುಡುಗ ಬಟನ್ ಒತ್ತುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ. ಅದನ್ನೂ ಅಟೆಂಡರ್ ಎರಡು ಸಲ ಓದಿ, ತಮ್ಮ ಹೆಸರಿನ ಕಾಗುಣಿತ ತಿದ್ದಿ, ಆಮೇಲೆ ಸಹಿ ಹಾಕಿದರು. ನನಗೆ ಅನ್ನಿಸಿದ್ದು: ಪೆಟ್ಟಿಗೆ ಏಳರ ಕೆಳಗಿನ ಅರ್ಧ ಕಾಯಬಲ್ಲದು. ಇದು ಕಾಯುತ್ತಿರಲಿಲ್ಲ. ಹಾಗಿದ್ದೂ ಇದನ್ನು ಕೊನೆಯ ವಾರಕ್ಕೆ ಯಾಕೆ ಇಟ್ಟರು? ಮೊದಲ ವಾರವೇ ಕೇಳಿದ್ದರೆ ಮೆಟ್ಟಿಲ ಕೆಳಗಿನ ರಿಜಿಸ್ಟರುಗಳ ಹುಡುಕಾಟ ತಪ್ಪುತ್ತಿತ್ತು. ಮೊದಲ ವಾರ ಕೇಳಿದ್ದರೆ ಅವರು ಹೇಳುತ್ತಿರಲಿಲ್ಲ ಎಂದು ಮೇಡಂ. ಬೇಸಿಗೆಯಿಡೀ ಹುಡುಗರು ಅವರ ಜೊತೆ ಕಾರಿಡಾರಿನಲ್ಲಿ ಕಾಫಿ ಕುಡಿದಿದ್ದಾರೆ.

*

ಪ್ರಮಾಣಪತ್ರ ಬಂತು. ಹುಡುಗಿಯ ಹೆಸರಲ್ಲಿ ಒಂದು ದೀರ್ಘ ಹೆಚ್ಚಾಗಿತ್ತು. ಕುಲಸಚಿವರ ಸಹಿ, ಮೊಹರು ಎಲ್ಲ ಬಿದ್ದಾಗಿದೆ. ಹೊಸದನ್ನು ಅಚ್ಚು ಹಾಕಿಸಿ ಮತ್ತೆ ಸಹಿಗೆ ಓಡಾಡಿ ತಂದರು. ಹಳೆಯದು ಮೇಜಿನ ಮೇಲೆ ಇತ್ತು. ಹೀರೆ ಬೀಜದ ಪೊಟ್ಟಣ ಇಟ್ಟುಕೊಂಡವರು ಇದಕ್ಕೂ ಒಂದು ಲಕೋಟೆ ಹುಡುಕುತ್ತಾರೆ ಎಂದುಕೊಂಡೆ. ಮೇಡಂ ಅದನ್ನು ಎತ್ತಿಕೊಂಡು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

“ಅರೆ, ಹರಿದುಬಿಟ್ರಲ್ಲ?”

“ಸಹಿ ಇರೋ ತಪ್ಪು ಕಾಗದ ಹೊರಗೆ ಹೋಗಬಾರದು ಸರ್.”

ಪೆಟ್ಟಿಗೆ ನಾಲ್ಕರಲ್ಲಿ ಪ್ರಾಧ್ಯಾಪಕರ ಹೆಸರು ತಪ್ಪಾಗಿ ಅಚ್ಚಾದ ಒಂದು ವಿಚಾರಸಂಕಿರಣದ ಆಹ್ವಾನಪತ್ರ ಇದೆ, ಅದಕ್ಕೂ ಸಂಚಾಲಕರ ಸಹಿ ಇದೆ, ಅದನ್ನು ಆಮ್ಲರಹಿತ ಲಕೋಟೆಯಲ್ಲಿ ಇಟ್ಟಿದ್ದೀರಿ ಎಂದು ನೆನಪಿಸಿದೆ.

“ಅದು ಆಗಲೇ ಹೊರಗೆ ಹೋಗಿಬಂದದ್ದು” ಎಂದರು ಮೇಡಂ, ಬೀಗದ ಕೈಗಳನ್ನು ಎಣಿಸುತ್ತ. ಒಂದು ಕಡಿಮೆ ಬಂತು. ಅಟೆಂಡರನ್ನು ಕೂಗಿದರು.